ಐದನೆಯ ಪುಟದಿಂದ ಆರಂಭಿಸಿ

ಪ್ರಿಯರೇ,

ಹಾಲಿವುಡ್ಡಿನ ಹಳೆಯ ವೈಜ್ಞಾನಿಕ ಕಲ್ಪನೆಯ ಹೊಡೆದಾಟದ ಚಿತ್ರಗಳ ಮೇಲಿನ ನಿಮ್ಮ ಮೋಹದ ಕುರಿತು ಉಡುಪಿಯಿಂದ ಕಳುಹಿಸಿದ ಎಂಟು ಪುಟಗಳ ಪ್ರಬಂಧ ತಲುಪಿತು. ಭಾಷೆ ಸ್ವಚ್ಛವಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಈ ರೂಪದಲ್ಲಿ ಪ್ರಕಟಿಸಲಾರೆ. ಎರಡು ಸಾಲಿನ ಚೀಟಿಯೊಂದಿಗೆ ಹಿಂದಿರುಗಿಸಬಹುದಿತ್ತು. ಐದನೆಯ ಪುಟದ ಒಂದು ವಾಕ್ಯ ಹಾಗೆ ಮಾಡಲು ಬಿಡಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಸಿಟ್ಟು ಬಂದದ್ದನ್ನು ಮೊದಲು ಹೇಳಿಬಿಡುತ್ತೇನೆ.

ಶೀರ್ಷಿಕೆ: ‘ತಪ್ಪಿತಸ್ಥ ಆನಂದ’. ಇಂಗ್ಲಿಷಿನ ‘ಗಿಲ್ಟಿ ಪ್ಲೆಷರ್’ ಎಂಬ ನುಡಿಗಟ್ಟನ್ನು ಪದಕ್ಕೆ ಪದ ಇಟ್ಟು ಮಾಡಿಕೊಂಡದ್ದು. ನಮ್ಮಲ್ಲಿ ಕದ್ದು ತಿಂದ ಬೆಲ್ಲ ಎನ್ನಬಹುದಿತ್ತು. ಆದರೆ ನೀವು ಏನನ್ನು ಕದ್ದಿರಿ? ಸೋದರಮಾವ ಮುಂಬಯಿಯಿಂದ ವೀಡಿಯೊ ಕ್ಯಾಸೆಟ್ ತರುತ್ತಿದ್ದರು, ಚಾವಡಿಯ ನಡುವೆ ಟಿವಿ ಇತ್ತು, ನೆರೆಮನೆಯವರೂ ಬಂದು ಕೂರುತ್ತಿದ್ದರು ಎಂದು ನೀವೇ ಬರೆದಿದ್ದೀರಿ. ಅಡಗಿಸಿಕೊಂಡು ನೋಡಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಮೊದಲ ವಾಕ್ಯ: ‘ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.’ ಎರಡನೆಯದು: ‘ಗಂಭೀರ ಓದುಗರು ಕ್ಷಮಿಸಬೇಕು.’ ಮೂರನೆಯ ಪುಟದಲ್ಲಿ ಮತ್ತೊಮ್ಮೆ: ‘ಇವು ಕಲೆಯೆಂದು ನಾನು ವಾದಿಸುವುದಿಲ್ಲ.’ ಕ್ಷಮೆ ಕೇಳಿದ್ದನ್ನು ಎಣಿಸಿದೆ, ಒಟ್ಟು ಏಳು ಸಲ. ಈ ನಾಚಿಕೆ ನಿಮ್ಮ ಚಾವಡಿಯಲ್ಲಿ ಹುಟ್ಟಿದ್ದಲ್ಲ. ಕಾಲೇಜಿಗೆ ಹೋದ ಮೇಲೆ ಯಾರದೋ ಮುಖ ನೋಡಿ ಕಲಿತದ್ದು. ಅದನ್ನು ಹಿಂದಕ್ಕೆ ಒಯ್ದು ಹತ್ತು ವರ್ಷದ ಹುಡುಗನ ತಲೆಗೆ ಕಟ್ಟಿದ್ದೀರಿ. ಆ ಹುಡುಗನಿಗೆ ಅನ್ಯಾಯವಾಗಿದೆ.

ಇನ್ನು ನಿಮಗೆ ಬಹಳ ಇಷ್ಟವಾಗಿರಬೇಕಾದ ವಾಕ್ಯ: ‘ತರ್ಕವನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಒಳಗೆ ಹೋಗಬೇಕು.’ ಚಂದವಾಗಿದೆ, ಆದರೆ ಸುಳ್ಳು. ನೀವು ಹೆಸರಿಸಿದ ಚಿತ್ರಗಳನ್ನೇ ತೆಗೆದುಕೊಳ್ಳಿ. 1987ರ ‘ಪ್ರಿಡೇಟರ್’ನಲ್ಲಿ ಬೇಟೆಗೆ ಬಂದ ಅನ್ಯಲೋಕದ ಜೀವಿಗೆ ಕಾಣುವುದು ಮೈಯ ಬಿಸಿ. ಕೆಸರು ಮೆತ್ತಿಕೊಂಡ ನಾಯಕ ಅದರ ಎದುರಿಗೇ ಇದ್ದರೂ ಕಾಣುವುದಿಲ್ಲ. ನಿಜದಲ್ಲಿ ಕೆಸರೂ ಮೈಗೆ ತಾಗಿ ಬೇಗ ಬೆಚ್ಚಗಾದೀತು. ಇರಲಿ, ಕಥೆ ಒಂದು ನಿಯಮ ಹಾಕಿಕೊಂಡಿದೆ, ಅದಕ್ಕೆ ಬದ್ಧವಾಗಿದೆ. 1984ರ ‘ಟರ್ಮಿನೇಟರ್’ನಲ್ಲಿ ಭವಿಷ್ಯದಿಂದ ಕೊಲ್ಲಲು ಬರುವುದು ಮನುಷ್ಯನ ರೂಪದ ಯಂತ್ರ. ಜೀವಂತ ಮಾಂಸದ ಹೊದಿಕೆ ಇಲ್ಲದ ವಸ್ತು ಕಾಲವನ್ನು ದಾಟಿ ಬರಲಾರದು. ಆದ್ದರಿಂದ ಯಂತ್ರ ಬರಿಮೈಯಲ್ಲಿ ಬಂದಿಳಿಯುತ್ತದೆ, ಭವಿಷ್ಯದ ಬಂದೂಕು ಅದರ ಕೈಯಲ್ಲಿಲ್ಲ, ಲಾಸ್ ಏಂಜಲೀಸಿನ ಅಂಗಡಿಯಲ್ಲಿ ಸಿಕ್ಕಿದ್ದನ್ನೇ ಹಿಡಿಯಬೇಕು. ಸುಮಾರು 64 ಲಕ್ಷ ಡಾಲರಿನಲ್ಲಿ ಮುಗಿಸಬೇಕಾಗಿದ್ದ ಚಿತ್ರಕ್ಕೆ ಆ ಒಂದು ನಿಯಮ ಎಷ್ಟು ಖರ್ಚು ಉಳಿಸಿರಬೇಕು, ಯೋಚಿಸಿ. ಮಕ್ಕಳು ಇಂಥ ನಿಯಮವನ್ನು ದೊಡ್ಡವರಿಗಿಂತ ಚುರುಕಾಗಿ ಹಿಡಿಯುತ್ತಾರೆ, ಮುರಿದರೆ ಥಟ್ಟನೆ ಕೇಳುತ್ತಾರೆ. ನೀವೂ ತರ್ಕವನ್ನು ಜೊತೆಯಲ್ಲಿಟ್ಟುಕೊಂಡೇ ನೋಡಿದ್ದೀರಿ.

‘ಆ ಗ್ರಾಫಿಕ್ಸ್ ಈಗ ನಗು ತರಿಸುತ್ತದೆ’ ಎಂದೂ ಇದೆ. ‘ಟರ್ಮಿನೇಟರ್’ನಲ್ಲಿ ಬೆಂಕಿಯೊಳಗಿಂದ ಏಳುವ ಆ ಲೋಹದ ಅಸ್ಥಿಪಂಜರ ಕಂಪ್ಯೂಟರಿನದಲ್ಲ. ಕೈಯಿಂದ ಮಾಡಿದ ಗೊಂಬೆಗಳು. ಕೆಲವು ಕಡೆ ಮನುಷ್ಯರೇ ಆಡಿಸಿದ್ದಾರೆ, ಕೆಲವು ಕಡೆ ಕೂದಲೆಳೆಯಷ್ಟು ಸರಿಸಿ ಒಂದೊಂದೇ ಚೌಕಟ್ಟಾಗಿ ಕ್ಯಾಮರಾದಲ್ಲಿ ಸೆರೆಹಿಡಿದಿದ್ದಾರೆ. ನಡಿಗೆ ತಡವರಿಸುವುದು ಅದಕ್ಕೇ. ಆ ತಡವರಿಕೆಯೇ ನನ್ನ ಮೈ ನಡುಗಿಸಿತ್ತು.

ಇಲ್ಲಿ ನನ್ನದೊಂದು ಹಳೆಯ ಕಥೆ ಹೇಳದೆ ಇರಲಾರೆ. 1988ರಲ್ಲಿ ಮಂಗಳೂರಿನ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದೆ. ಮೂಲ್ಕಿಯ ಕಡೆ ಗದ್ದೆಯಲ್ಲಿ ನಡೆದ ‘ದೇವಿಮಹಾತ್ಮೆ’ ಯಕ್ಷಗಾನದ ಆಟದ ಬಗ್ಗೆ ಬರೆಯಲು ಮೊದಲ ಅವಕಾಶ ಸಿಕ್ಕಿತು. ‘ನಾನು ವಿಮರ್ಶಕನಲ್ಲ, ಸಾಮಾನ್ಯ ಪ್ರೇಕ್ಷಕ, ತಪ್ಪಿದ್ದರೆ ತಿಳಿದವರು ಮನ್ನಿಸಬೇಕು’ ಎಂದು ಆರಂಭಿಸಿದ್ದೆ. ಹಿರಿಯ ಉಪಸಂಪಾದಕರು ಓದಿ, ಹಾಳೆಯನ್ನು ಮಗುಚಿಟ್ಟು ಕೇಳಿದರು: “ಮಹಿಷಾಸುರ ಯಾವ ಕಡೆಯಿಂದ ಬಂದ ಮಾರಾಯ?” ಜನರ ನಡುವಿನಿಂದ ಎಂದೆ. “ಎದುರಿಗೆ ದೊಂದಿ ಎಷ್ಟಿತ್ತು? ರಾಳದ ಹುಡಿ ಎರಚಿದಾಗ ನಿನ್ನ ಪಕ್ಕದವರು ಏನು ಮಾಡಿದರು?” ನನಗೆ ಗೊತ್ತಿರಲಿಲ್ಲ. ಮರುದಿನದ ಬರಹದಲ್ಲಿ ಯಾವ ವಿಶೇಷಣ ಹಾಕಬೇಕೆಂದು ಯೋಚಿಸುತ್ತ ಕುಳಿತಿದ್ದೆ. ಎರಡು ದಿನ ಬಿಟ್ಟು ಇನ್ನೊಂದು ಊರಿನ ಆಟಕ್ಕೆ ಕಳುಹಿಸಿದರು. ಕಾಗದ, ಪೆನ್ನು ಒಯ್ಯಬಾರದೆಂದರು. ಆ ರಾತ್ರಿ ನೋಡಿದೆ: ಬಿದಿರು ಮತ್ತು ಬಣ್ಣದ ಕಾಗದದ ಕೊಂಬು, ಮುಖದ ತುಂಬ ಗಂಟೆಗಟ್ಟಲೆ ಕೂತು ಇಟ್ಟ ಅಕ್ಕಿಹಿಟ್ಟಿನ ಚಿಟ್ಟಿ ಎಂಬ ಬಿಳಿಯ ಚುಕ್ಕಿಗಳು. ವೇಷವೆಂದು ಎಲ್ಲರಿಗೂ ಗೊತ್ತು. ಆದರೂ ಉರಿ ಭುಗಿಲೆದ್ದಾಗ ನನ್ನ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಮೊಮ್ಮಗನ ಕಣ್ಣು ಮುಚ್ಚಿ, ತಮ್ಮ ಕಣ್ಣನ್ನು ಅಗಲವಾಗಿ ತೆರೆದರು. ಅದನ್ನಷ್ಟೇ ಬರೆದೆ. ಅಚ್ಚಾಯಿತು.

ಈಗ ನಿಮ್ಮ ಐದನೆಯ ಪುಟಕ್ಕೆ ಬರುತ್ತೇನೆ. ‘ಅಮ್ಮ ಬೀಡಿ ಕಟ್ಟುತ್ತಲೇ ನೋಡುತ್ತಿದ್ದರು, ಕೊನೆಯಲ್ಲಿ ಯಂತ್ರ ಜಜ್ಜಿಹೋಗುವಾಗ ಮಾತ್ರ ಅವರ ಕೈ ನಿಲ್ಲುತ್ತಿತ್ತು.’ ಇದನ್ನು ಬರೆದು, ಮುಂದಿನ ಸಾಲಿನಲ್ಲೇ ಹಾಲಿವುಡ್ಡಿನ ಮಾರುಕಟ್ಟೆಯ ಚರ್ಚೆಗೆ ಹೋಗಿಬಿಟ್ಟಿದ್ದೀರಿ! ಎಲೆ ಸುರುಳಿ ಮಾಡಿ ನೂಲು ಸುತ್ತುವ ಕೈ ಸಾವಿರ ಲೆಕ್ಕಕ್ಕೆ ದುಡಿಯುವ ಕೈ, ಸುಮ್ಮನೆ ನಿಲ್ಲುವಂಥದಲ್ಲ. ‘ಟರ್ಮಿನೇಟರ್’ನ ಕೊನೆಯಲ್ಲಿ ಯಂತ್ರವನ್ನು ಜಜ್ಜುವ ಗುಂಡಿ ಒತ್ತುವವಳು ಹೋಟೆಲಿನಲ್ಲಿ ಬಡಿಸುತ್ತಿದ್ದ ಹುಡುಗಿ. ಕಾಲಿಗೆ ಗಾಯವಾಗಿದೆ, ತೆವಳಿಕೊಂಡು ಬಂದು ಅವಳೇ ಒತ್ತುತ್ತಾಳೆ, ಕೆಂಪು ಕಣ್ಣು ಆರುತ್ತದೆ. ನಿಮ್ಮ ಎಂಟು ಪುಟಗಳಲ್ಲಿ ಅವಳಿಲ್ಲ. ನಾಯಕನಟನ ತೋಳುಗಳಿಗೆ ಒಂದೂವರೆ ಪುಟ ಕೊಟ್ಟಿದ್ದೀರಿ.

ತಾಯಿಯವರ ಕೈ ಏಕೆ ನಿಂತಿತೆಂದು ನನಗೆ ಅನಿಸಿದ್ದನ್ನು ಇಲ್ಲಿ ಬರೆಯುವುದಿಲ್ಲ. ನೀವು ಅವರನ್ನೇ ಕೇಳಬೇಕು. ಸಾಧ್ಯವಾದರೆ ಆ ಚಿತ್ರವನ್ನು ಅವರ ಜೊತೆ ಕುಳಿತು ಇನ್ನೊಮ್ಮೆ ನೋಡಿ. ಗೆರಸೆ ಎಲ್ಲಿರುತ್ತಿತ್ತು, ಹೊಗೆಸೊಪ್ಪಿನ ವಾಸನೆ, ಮಾವ ಯಾವ ಮಾತನ್ನು ತುಳುವಿಗೆ ತಿರುಗಿಸಿ ಹೇಳುತ್ತಿದ್ದರು, ಎಲ್ಲವೂ ನನಗೆ ಬೇಕು. ಮೊದಲ ನಾಲ್ಕು ಪುಟ ಬೇಡ. ಜೂನ್ ಸಂಚಿಕೆಯಲ್ಲಿ ಮೂರು ಪುಟ ಕಾದಿರಿಸಿದ್ದೇನೆ, ಮೇ 10ರೊಳಗೆ ಕಳುಹಿಸಿ.

ಸಂಪಾದಕ