ವಾಟ್ಸಾಪ್ ಫಾರ್ವರ್ಡ್‌ಗೆ ಮಿತಿ ಹಾಕಿದ ಮೇಲೆ ಸುಳ್ಳು ಸುದ್ದಿ ಕಡಿಮೆಯಾಯಿತಾ?

ನೀವು ಕೇಳಿರುವುದು ಎರಡು ಪ್ರಶ್ನೆ. ಫಾರ್ವರ್ಡ್‌ಗೆ ಮಿತಿ ಹಾಕಿದ್ದರಿಂದ ಏನಾದರೂ ಉಪಯೋಗ ಆಯಿತಾ ಅನ್ನುವುದು ಒಂದು. ಓದಿದವರೂ ಸುಳ್ಳು ಸುದ್ದಿಯನ್ನು ಯಾಕೆ ನಂಬುತ್ತಾರೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ: ಆಯಿತು, ಆದರೆ ಪೂರ್ತಿ ಅಲ್ಲ.

ಈ ಕಾಯಿಲೆ ವಾಟ್ಸಾಪ್‌ನಿಂದಲೇ ಶುರುವಾಗಿದ್ದಲ್ಲ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿದ್ದವರಿಗೆ ನೆನಪಿರುತ್ತದೆ. ಆಗ ಅಸ್ಸಾಮಿನಲ್ಲಿ ಗಲಭೆ ನಡೆದಿತ್ತು. ಅದಕ್ಕೆ ಸೇಡಾಗಿ, ರಂಜಾನ್ ಮುಗಿದ ಮೇಲೆ ಇಲ್ಲಿರುವ ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆ ಆಗುತ್ತದೆ ಅಂತ ಎಸ್‌ಎಂಎಸ್‌ಗಳು ಹರಿದಾಡಿದವು. ನೋಡ ನೋಡುತ್ತಲೇ ಸಿಟಿ ರೈಲ್ವೆ ಸ್ಟೇಷನ್ ತುಂಬಿಹೋಯಿತು. ಕಾಲೇಜು ಹುಡುಗರು, ಸೆಕ್ಯುರಿಟಿ ಗಾರ್ಡ್‌ಗಳು, ಹೋಟೆಲ್ ಕೆಲಸದವರು, ಎಲ್ಲರೂ ಬ್ಯಾಗು ಹಿಡಿದು ಹೊರಟಿದ್ದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಕೊನೆಗೆ ಕೇಂದ್ರ ಸರ್ಕಾರ ಒಟ್ಟಿಗೆ 5ಕ್ಕಿಂತ ಜಾಸ್ತಿ ಜನರಿಗೆ ಎಸ್‌ಎಂಎಸ್ ಕಳಿಸುವಂತಿಲ್ಲ ಅಂತ 15 ದಿನದ ನಿರ್ಬಂಧ ಹಾಕಿತು.

ಆರು ವರ್ಷ ಬಿಟ್ಟು ಮಕ್ಕಳ ಕಳ್ಳರ ವದಂತಿ ಎದ್ದಿತು. ಆಗ ಓಡಾಡಿದ ಒಂದು ವಿಡಿಯೋದಲ್ಲಿ ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದರೆ ಎದೆ ಧಸಕ್ ಅನ್ನುತ್ತದೆ. ಅಸಲಿಗೆ ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆ ಬಗ್ಗೆ ಮಾಡಿದ ಜಾಗೃತಿ ವಿಡಿಯೋ. ಪೂರ್ತಿ ವಿಡಿಯೋದಲ್ಲಿ ಅದೇ ಬೈಕಿನವರು ವಾಪಸ್ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಭಾಗವನ್ನು ಕತ್ತರಿಸಿ ಬಿಟ್ಟಿದ್ದರು, ಅಷ್ಟೇ. 2018ರ ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಗುಂಪಿನ ಕೈಗೆ ಸಿಕ್ಕಿ ಸತ್ತ. ಅವನ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣವಾಗಿತ್ತು. ಅವರು ಮುರ್ಕಿ ಮುಟ್ಟುವ ಮೊದಲೇ, ಇವರು ಮಕ್ಕಳ ಕಳ್ಳರು ಅನ್ನುವ ಮೆಸೇಜು ಮುಟ್ಟಿತ್ತು.

ದೇಶದ ಬೇರೆ ಕಡೆಯೂ ಇಂಥ ಸಾವುಗಳಾಗಿದ್ದವು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡನ್ನು ಒಂದು ಸಲಕ್ಕೆ 5 ಚಾಟ್‌ಗೆ ಇಳಿಸಿತು. ಮತ್ತೆ ಅದೇ ಐದು! 2020ರ ಏಪ್ರಿಲ್‌ನಲ್ಲಿ, ತುಂಬಾ ಸಲ ಕೈ ಬದಲಾಯಿಸಿದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು ಅಂತ ಮಾಡಿದರು. ಅಂಥ ಫಾರ್ವರ್ಡ್‌ಗಳು ಶೇ. 70ರಷ್ಟು ಇಳಿದವು ಅಂತ ಕಂಪನಿಯೇ ಹೇಳಿತು. ಗಮನಿಸಿ, ಇಳಿದದ್ದು ಫಾರ್ವರ್ಡ್. ಸುಳ್ಳು ಎಷ್ಟು ಇಳಿಯಿತು ಅಂತ ಆ ಲೆಕ್ಕದಿಂದ ಗೊತ್ತಾಗುವುದಿಲ್ಲ. ಮೆಸೇಜುಗಳು ಎನ್‌ಕ್ರಿಪ್ಟ್ ಆಗಿರುತ್ತವೆ, ಒಳಗೇನಿದೆ ಅಂತ ಕಂಪನಿಗೂ ಕಾಣುವುದಿಲ್ಲ.

ಇನ್ನು ನಮ್ಮ ಜನ ಸುಮ್ನೆ ಇರ್ತಾರಾ? ನಮ್ಮ ಮನೆಯ ಗ್ರೂಪಿನಲ್ಲೇ ನೋಡಿದ್ದೇನೆ. ಚಿಕ್ಕಪ್ಪ ಫೋಟೋವನ್ನು ಗ್ಯಾಲರಿಗೆ ಇಳಿಸಿಕೊಂಡು, ಅಲ್ಲಿಂದ ಹೊಸದಾಗಿ ಕಳಿಸುತ್ತಾರೆ. ಬರಹವಾದರೆ ಕಾಪಿ, ಪೇಸ್ಟ್. ಆಗ ತುಂಬಾ ಸಲ ಫಾರ್ವರ್ಡ್ ಆಗಿದೆ ಅಂತ ತೋರಿಸುವ ಎರಡು ಬಾಣದ ಗುರುತೂ ಇಲ್ಲ, ಮಿತಿಯೂ ಇಲ್ಲ. ಹತ್ತು ಊರು ಸುತ್ತಿ ಬಂದ ಮಾತು, ಚಿಕ್ಕಪ್ಪನೇ ಕೂತು ಬರೆದ ಹಾಗೆ ಕಾಣುತ್ತದೆ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಪೇಪರಿನವರು ಬರೆದರೆ ಅನುಮಾನಪಡುತ್ತೇವೆ, ಟಿವಿಯವರನ್ನಂತೂ ಬೈಯುತ್ತಲೇ ನೋಡುತ್ತೇವೆ. ಆದರೆ ಮದುವೆಗೆ ಓಡಾಡಿದ, ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಜೊತೆಗೆ ಕೂತ ಮನುಷ್ಯ ಕಳಿಸಿದ್ದನ್ನು ಅನುಮಾನಿಸುವುದು ಕಷ್ಟ ಅಲ್ವಾ? ನಂಬುವುದು ಮೆಸೇಜನ್ನಲ್ಲ, ಕಳಿಸಿದವರನ್ನು. ಕಳಿಸುವವರ ಲೆಕ್ಕಾಚಾರವೂ ಸುಲಭ: ನಿಜವಾದರೆ ನಾಲ್ಕು ಜನ ಹುಷಾರಾಗುತ್ತಾರೆ, ಸುಳ್ಳಾದರೆ ನನ್ನ ಗಂಟೇನು ಹೋಯಿತು? ಇದಕ್ಕೂ ಡಿಗ್ರಿಗೂ ಸಂಬಂಧವೇ ಇಲ್ಲ.

ಮನೆಯಲ್ಲಿ ಏನು ಮಾಡಬಹುದು ಅಂತ ಕೇಳಿದರೆ, ನಾನು ಗ್ರೂಪಿನಲ್ಲಿ ತಿದ್ದಲು ಹೋಗುವುದಿಲ್ಲ. ಎಲ್ಲರೆದುರು ‘ಇದು ಸುಳ್ಳು’ ಅಂದರೆ ಹಿರಿಯರಿಗೆ ಮರ್ಯಾದೆ ಹೋದ ಹಾಗಾಗುತ್ತದೆ. ಆಮೇಲೆ ಅದು ಸುದ್ದಿಯ ಜಗಳವಾಗಿ ಉಳಿಯುವುದಿಲ್ಲ. ಬದಲಿಗೆ ಫೋನ್ ಮಾಡಿ, ‘ಚಿಕ್ಕಪ್ಪ, ಅದು ಬೇರೆ ದೇಶದ ಹಳೇ ವಿಡಿಯೋ ಅಂತೆ, ನೀವೇ ಒಂದು ಮಾತು ಹಾಕಿಬಿಡಿ’ ಅನ್ನುತ್ತೇನೆ. ಅವರೇ ಹಾಕಿದರೆ ಗ್ರೂಪಿನವರು ಕೇಳುತ್ತಾರೆ. ಹಾಕದಿದ್ದರೂ, ಕೆಲವು ಸಲ ಅವರಾಗೇ ಡಿಲೀಟ್ ಮಾಡಿರುತ್ತಾರೆ.