ಬಿಪಿ ಮಾತ್ರೆ ಬಿಟ್ಟ ಮೇಷ್ಟ್ರು

ನಾನು ಆಪ್ತಸಲಹೆಗಾರ್ತಿ. ಇಂಥವರು ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಅವರು ನಿವೃತ್ತ ಮೇಷ್ಟ್ರು. ಡಾಕ್ಟರ್ ಬಿಪಿ ಮಾತ್ರೆಯ ಡೋಸ್ ಏರಿಸಿದ ಮೇಲೆ, ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ಯಾರಿಗೂ ಹೇಳದೆ ಮಾತ್ರೆ ಬಿಟ್ಟಿದ್ದರು. "ಬರೀ ಹಟ. ಸ್ವಲ್ಪ ಬುದ್ಧಿ ಹೇಳಿ ಮೇಡಂ" ಎಂದು ಹೆಂಡತಿ ಕರೆತಂದಿದ್ದರು.

ಹೆಂಡತಿಯನ್ನು ಹೊರಗೆ ಕೂರಿಸಿ, "ಮಾತ್ರೆ ತಗೊಂಡ್ರೆ ಏನಾಗುತ್ತೆ ಅಂತ ಭಯ ಸಾರ್?" ಎಂದು ಕೇಳಿದೆ. ಸುಮಾರು ಹೊತ್ತು ಕನ್ನಡಕದ ಡಬ್ಬಿಯನ್ನು ತೆರೆದು ಮುಚ್ಚುತ್ತಾ ಕೂತರು. ಒಳಗೆ ಮಾತ್ರೆಯ ಸ್ಟ್ರಿಪ್ ಮಡಚಿಟ್ಟಿದ್ದರು. ಒಂದೂ ತೆಗೆದಿರಲಿಲ್ಲ.

"ಪ್ರೆಷರ್ ಕಮ್ಮಿಯಾದ್ರೆ ಮೂರನೇ ಮಹಡಿಗೆ ನೀರು ಏರಲ್ಲ, ಅಲ್ವಾ? ಹಾಗೇ ತಲೆಗೆ ರಕ್ತ ಏರೋದು ಹೇಗೆ? ನಮ್ಮಣ್ಣ ಕೊನೆಗೆ ನನ್ನ ಗುರುತೇ ಹಿಡಿಯಲಿಲ್ಲ. ನನಗೆ ಹಾಗಾಗೋದು ಬೇಡ."

ಇದನ್ನು ಹಟ ಅನ್ನುವುದು ಹೇಗೆ? ಮೆದುಳನ್ನು ಕಾಪಾಡಿಕೊಳ್ಳಲೆಂದೇ ಅವರು ಮಾತ್ರೆ ಬಿಟ್ಟಿದ್ದರು. ಗದರಿದರೆ ಇಂಥವರು ಇನ್ನಷ್ಟು ಮುಚ್ಚಿಡುತ್ತಾರೆ ಅಷ್ಟೇ. ಹಾಗಾಗಿ ಬುದ್ಧಿ ಹೇಳಲಿಲ್ಲ, ವಿವರಿಸಿದೆ.

ಮೆದುಳಿನ ರಕ್ತನಾಳ ಕಬ್ಬಿಣದ ಪೈಪಲ್ಲ. ಬಿಪಿ ಇಳಿದರೆ ಹಿಗ್ಗುತ್ತದೆ, ಏರಿದರೆ ಕುಗ್ಗುತ್ತದೆ. ಒಂದು ಮಿತಿಯೊಳಗೆ ರಕ್ತದ ಹರಿವು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ವರ್ಷಗಟ್ಟಲೆ ಬಿಪಿ ಜಾಸ್ತಿ ಇದ್ದವರ ನಾಳಗಳು ದಪ್ಪಗಾಗಿ ಆ ಒತ್ತಡಕ್ಕೇ ಒಗ್ಗಿರುತ್ತವೆ. ಥಟ್ಟನೆ ಇಳಿಸಿದರೆ ತೊಂದರೆ. ನಿಧಾನವಾಗಿ ಇಳಿಸಿದರೆ ಸಾಮಾನ್ಯವಾಗಿ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಹಿಂದೆ ನಿಫೆಡಿಪಿನ್ ಕ್ಯಾಪ್ಸೂಲನ್ನು ನಾಲಿಗೆ ಕೆಳಗಿಟ್ಟು ಬಿಪಿಯನ್ನು ಒಮ್ಮೆಲೇ ಇಳಿಸುತ್ತಿದ್ದರು. ಕೆಲವರಿಗೆ ಸ್ಟ್ರೋಕ್ ಆಯಿತು, 1990ರ ದಶಕದಲ್ಲಿ ಅದನ್ನು ಕೈಬಿಟ್ಟರು. ಮೇಷ್ಟ್ರ ಭಯ ಸುಳ್ಳಲ್ಲ. ಮಾತ್ರೆ ಬಿಟ್ಟದ್ದು ಮಾತ್ರ ತಪ್ಪು. ಯಾಕೆಂದರೆ ಏರಿದ ಬಿಪಿಯೇ ವರ್ಷಗಳು ಕಳೆದಂತೆ ನೆನಪಿನ ಶಕ್ತಿ ತಿನ್ನುತ್ತದೆ. ಅಮೆರಿಕದ ಸ್ಪ್ರಿಂಟ್ ಅಧ್ಯಯನದ 2019ರ ವರದಿಯಲ್ಲಿ, ಮೇಲಿನ ಬಿಪಿಗೆ 140ರ ಬದಲು 120ರೊಳಗಿನ ಗುರಿ ಇಟ್ಟವರಲ್ಲಿ ಮರೆವಿನ ಆರಂಭದ ಹಂತ ಕಡಿಮೆ ಕಂಡಿತು. ಮುಂದೆ ಸ್ಕ್ಯಾನ್‌ಗಳನ್ನು ಹೋಲಿಸಿದಾಗ ಅವರ ಮೆದುಳಿನ ರಕ್ತದ ಹರಿವು ತಗ್ಗಿರಲಿಲ್ಲ, ಸ್ವಲ್ಪ ಹೆಚ್ಚೇ ಆಗಿತ್ತು.

ಆಪ್ತಸಲಹೆಗಾರ್ತಿಗೆ ಇದೆಲ್ಲ ಯಾಕೆ ಅನ್ನಬಹುದು. ಡೋಸಿನ ವಿಚಾರಕ್ಕೆ ನಾನು ಹೋಗಲೇ ಇಲ್ಲ. ಆದರೆ ಭಯ ಹೇಳಿಕೊಳ್ಳದ ರೋಗಿಗೆ ಡಾಕ್ಟರ್ ತಾನೇ ಏನು ಮಾಡಿಯಾರು?

"ನಾಳೆಯೇ ಡಾಕ್ಟರ ಹತ್ತಿರ ಹೋಗಿ. ಮಾತ್ರೆ ಬಿಟ್ಟದ್ದನ್ನು ಹೇಳಿ. ಇಲ್ಲದಿದ್ದರೆ ಮಾತ್ರೆ ಸಾಲುತ್ತಿಲ್ಲ ಅಂದುಕೊಂಡು ಇನ್ನೂ ಏರಿಸುತ್ತಾರೆ. ಕೂತಾಗ ಒಮ್ಮೆ, ಎದ್ದು ನಿಂತ 1 ಮತ್ತು 3 ನಿಮಿಷಕ್ಕೆ ಬಿಪಿ ನೋಡಿಸಿ. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ತಲೆಸುತ್ತಿಗೆ ಕಾರಣ ಸಿಕ್ಕಂತೆ" ಎಂದೆ.

ಹೆಂಡತಿಗೆ ಹೇಳಿದ್ದು ಇಷ್ಟೇ: ಮಾತ್ರೆ ಎಣಿಸಬೇಡಿ, ಜೊತೆಗೆ ಹೋಗಿ. ಅಣ್ಣನ ವಿಷಯ ಅವರ ಬಾಯಿಂದಲೇ ಡಾಕ್ಟರಿಗೆ ಹೇಳಿಸಿ.