ವಿದ್ಯುತ್ತು ಮತ್ತು ಕಾಂತದ ನಂಟು 1820ಕ್ಕೆ ಮೊದಲು ಯಾಕೆ ಯಾರಿಗೂ ಕಾಣಲಿಲ್ಲ?

ದಿಕ್ಸೂಚಿ ನೂರಾರು ವರ್ಷಗಳಿಂದ ಇತ್ತು, ವಿದ್ಯುತ್ ಕಿಡಿಯೂ ಗೊತ್ತಿತ್ತು, ಆದರೂ ಎರಡರ ನಂಟು 1820ರವರೆಗೆ ಯಾಕೆ ಪತ್ತೆಯಾಗಲಿಲ್ಲ ಅಂತ ಕೇಳಿದ್ದೀರಿ. ತುಂಬಾ ಒಳ್ಳೆಯ ಪ್ರಶ್ನೆ.

ಮುಖ್ಯ ಕಾರಣ ಬ್ಯಾಟರಿ. ಅದಕ್ಕೆ ಮೊದಲು ಉಜ್ಜಿ ಹುಟ್ಟಿಸಿದ ವಿದ್ಯುತ್ತು ಕ್ಷಣದಲ್ಲೇ ಕಿಡಿಯಾಗಿ ಮುಗಿದುಹೋಗುತ್ತಿತ್ತು. 1800ರಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾ ತನ್ನ ಬ್ಯಾಟರಿಯನ್ನು ಜಗತ್ತಿಗೆ ತಿಳಿಸಿದ ಮೇಲೆಯೇ ತಂತಿಯಲ್ಲಿ ಒಂದೇ ಸಮ ಹರಿಯುವ ಕರೆಂಟ್ ಸಿಕ್ಕಿದ್ದು. ಆಮೇಲೂ 20 ವರ್ಷ ಹಿಡಿಯಿತು, ಅಲ್ವಾ? ಅದಕ್ಕೆ ಒಂದು ಕಾರಣ ಇದು: ಕರೆಂಟ್ ಹರಿಯುವ ತಂತಿಯ ಕಾಂತಬಲ ಅದರ ಸುತ್ತ ಉಂಗುರದಂತೆ ಸುತ್ತಿಕೊಂಡಿರುತ್ತದೆ. ಹಾಗಾಗಿ ತಂತಿಯನ್ನು ದಿಕ್ಸೂಚಿಯ ಮುಳ್ಳಿಗೆ ಅಡ್ಡಲಾಗಿ ಇಟ್ಟರೆ ಮುಳ್ಳು ಅಲುಗದೇ ಇರಬಹುದು. ಮುಳ್ಳಿನ ನೇರಕ್ಕೆ, ಅದರ ಮೇಲೆ ಹಿಡಿದರೆ ಸ್ಪಷ್ಟವಾಗಿ ಪಕ್ಕಕ್ಕೆ ತಿರುಗುತ್ತದೆ. 1820ರಲ್ಲಿ ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್‌ನ ವಿಜ್ಞಾನಿ ಅರ್ಸ್ಟೆಡ್ ಕಂಡಿದ್ದು ಇದನ್ನೇ.

ಇಂಗ್ಲೆಂಡಿನ ವಿಜ್ಞಾನಿ ಫ್ಯಾರಡೆ ಕಥೆಯೂ ಹೀಗೆಯೇ. ಕಾಂತಬಲದಿಂದ ವಿದ್ಯುತ್ತು ಹುಟ್ಟುತ್ತದೆಯೇ ಅಂತ ನೋಡಲು 1831ರಲ್ಲಿ ಕಬ್ಬಿಣದ ಬಳೆಗೆ ತಂತಿಯ ಎರಡು ಸುರುಳಿ ಸುತ್ತಿದ. ಒಂದಕ್ಕೆ ಬ್ಯಾಟರಿ ಜೋಡಿಸಿದಾಗ ಮತ್ತು ಬಿಡಿಸಿದಾಗ ಮಾತ್ರ ಇನ್ನೊಂದರಲ್ಲಿ ಕರೆಂಟ್ ಕಾಣಿಸಿತು. ಸುಮ್ನೆ ಹರಿಯುತ್ತಿದ್ದಾಗ ಏನೂ ಇಲ್ಲ. ಬದಲಾವಣೆಯೇ ಮುಖ್ಯ ಅನ್ನುವ ಈ ತಿಳಿವು ನನಗೆ ಇಡೀ ವಿಜ್ಞಾನದಲ್ಲೇ ಅತಿ ಸುಂದರವಾದದ್ದು. ಇಂದಿನ ಜನರೇಟರ್, ಟ್ರಾನ್ಸ್‌ಫಾರ್ಮರ್, ವೈರ್‌ಲೆಸ್ ಚಾರ್ಜರ್ ಎಲ್ಲವೂ ಇದರ ಮೇಲೆಯೇ ನಡೆಯುತ್ತವೆ.

ಸಮಾಜವನ್ನು ಮೊದಲು ಬದಲಾಯಿಸಿದ್ದು ಬಲ್ಬೋ ಟೆಲಿಗ್ರಾಫೋ ಅಂತಲೂ ಕೇಳಿದ್ದೀರಿ. ಖಂಡಿತ ಟೆಲಿಗ್ರಾಫ್, ಅಂದರೆ ತಂತಿಯಲ್ಲಿ ವಿದ್ಯುತ್ತಿನಿಂದ ಸುದ್ದಿ ಕಳಿಸುವ ವ್ಯವಸ್ಥೆ. 1866ರಲ್ಲಿ ಯೂರೋಪು ಮತ್ತು ಅಮೆರಿಕದ ನಡುವೆ ಸಮುದ್ರದಡಿ ಹಾಕಿದ ಅಟ್ಲಾಂಟಿಕ್ ಟೆಲಿಗ್ರಾಫ್ ಕೇಬಲ್ ಶಾಶ್ವತವಾಗಿ ಕೆಲಸ ಶುರು ಮಾಡಿದಾಗ, ಹಡಗಿನಲ್ಲಿ ವಾರಕ್ಕೂ ಜಾಸ್ತಿ ಹಿಡಿಯುತ್ತಿದ್ದ ಸುದ್ದಿ ಅದೇ ದಿನ ತಲುಪತೊಡಗಿತು. ಆದರೆ ದರ ವಿಪರೀತ. ಶುರುವಿನಲ್ಲಿ ಅದರ ಲಾಭ ಸಿಕ್ಕಿದ್ದು ಹೆಚ್ಚಾಗಿ ಸರ್ಕಾರಗಳಿಗೆ, ದೊಡ್ಡ ವ್ಯಾಪಾರಿಗಳಿಗೆ, ಪತ್ರಿಕೆಗಳಿಗೆ.